ಬಸರೂರಿನ ‘ವರ್ತಕ ಗಣರಾಜ್ಯ’ : ಒಂದು ವಿಮರ್ಶೆ

ವಾರಾಹೀ ನದಿಯ ದಡದಲ್ಲಿರುವ ಬಸರೂರು ಒಂದು ಕಾಲದಲ್ಲಿ ಗಣರಾಜ್ಯವಾಗಿತ್ತೆಂಬ ಮಾತು ಕುಂದಾಪುರದ ಸೀಮೆಯಲ್ಲಿ ಆಗಾಗ ಕೇಳಿಬರುವುದುಂಟು. ಇದಕ್ಕೆ ಮೂಲಾಧಾರವು ಪೋರ್ತುಗೀಜರ ಬರಹಗಳು. ಬಸರೂರನ್ನು ವರ್ತಕರು ತಾವೇ ಆಳಿಕೊಂಡು, ಅರಸನಿಗೆ ಅಲ್ಪವಾದ ಕಾಣಿಕೆಯನ್ನು ಮಾತ್ರ ಸಲ್ಲಿಸುತ್ತಿದ್ದ ನಗರವೆಂದು ಅವರು ವರ್ಣಿಸಿರುವರು. ರೋಮಿನ ಇತಿಹಾಸವನ್ನು ಓದಿ ಬೆಳೆದ ಆ ಲೇಖಕರಿಗೆ, ಅರಸನಿಲ್ಲದೆ ನಡೆಯುವ ನಗರವನ್ನು ಕಂಡೊಡನೆ ರೋಮಿನ ಹೆಸರೇ ನಾಲಗೆಗೆ ಬಂದುದು ಸಹಜವೇ ಸರಿ. ಆದರೆ ಆ ಹೆಸರನ್ನು ನಾವೂ ವಿಚಾರಿಸದೆ ಅಂಗೀಕರಿಸಬಹುದೇ ಎಂಬುದೇ ಇಲ್ಲಿಯ ಪ್ರಶ್ನೆ.

ಮೊದಲು ಈ ಮಾತಿನಲ್ಲಿರುವ ಸತ್ಯಾಂಶವನ್ನು ಒಪ್ಪಿಕೊಳ್ಳಬೇಕು. ಬಾರಕೂರು, ಬಸರೂರುಗಳ ಶಾಸನಗಳಲ್ಲಿ ‘ಹಲರು’, ‘ಸೆಟ್ಟಿಕಾರರು’, ‘ನಖರ’, ‘ಹಂಜಮಾನ’ ಎಂಬ ಸಮೂಹಗಳು ಕಾಣಸಿಗುತ್ತವೆ. ಬಸರೂರಿನಲ್ಲಿ ಮೂಡಕೇರಿಯ ಹಲರೂ ಪಡುವಕೇರಿಯ ಹಲರೂ ಬೇರೆಬೇರೆಯಾಗಿದ್ದರು. ದೇವಾಲಯಗಳಿಗೆ ಬಿಟ್ಟ ದತ್ತಿಗಳಿಗೆ ಸಾಕ್ಷಿಗಳಾಗಿಯೂ ರಕ್ಷಕರಾಗಿಯೂ ಇವರು ನಿಂತಿರುವುದು ಕಂಡುಬರುತ್ತದೆ. ಕೆ. ವಿ. ರಮೇಶರ ಗ್ರಂಥವೂ (೧೯೭೦) ಪಿ. ಗುರುರಾಜ ಭಟ್ಟರ ಗ್ರಂಥವೂ (೧೯೭೫) ಪ್ರಕಟವಾದ ಮೇಲೆ ಈ ಸೀಮೆಯ ಶಾಸನಸಾಮಗ್ರಿಯು ವಿದ್ವಾಂಸರಿಗೆ ಸುಲಭವಾಗಿ ದೊರೆಯುವಂತಾಗಿದೆ. ಆದುದರಿಂದ ಹಲರ ಅಸ್ತಿತ್ವವು ನಿರ್ವಿವಾದವು. ವಿವಾದವಿರುವುದು ಅವರ ಅಧಿಕಾರದ ಸ್ವರೂಪದಲ್ಲಿ.

ರೋಮಿನ ದೃಷ್ಟಾಂತವನ್ನು ತರುವುದಾದರೆ ಅದನ್ನು ಪೂರ್ಣವಾಗಿ ತರಬೇಕು. ರೋಮನರು ಕ್ರಿ. ಪೂ. ೫೦೯ರಲ್ಲಿ ಅರಸರನ್ನು ಅಟ್ಟಿ, ವರ್ಷಕ್ಕೆ ಇಬ್ಬರಂತೆ ಕಾನ್ಸಲರನ್ನು ಆರಿಸಿಕೊಂಡರೆಂದು ಅವರ ಸಂಪ್ರದಾಯವು ಹೇಳುತ್ತದೆ. ಆ ರಾಜ್ಯವು ಯುದ್ಧವನ್ನು ಸಾರಿದುದೂ ಸಂಧಿ ಮಾಡಿಕೊಂಡುದೂ ಶಾಸನಗಳನ್ನು ವಿಧಿಸಿದುದೂ ತನ್ನ ಹೆಸರಿನಿಂದಲೇ. ಮುಂದೆ ಕ್ರಿ. ಪೂ. ೨೭ರಲ್ಲಿ ಆಗಸ್ಟಸನು ಸರ್ವಾಧಿಕಾರವನ್ನು ವಹಿಸಿಕೊಂಡಾಗ ಸೆನೆಟ್ ಸಭೆಯನ್ನು ರದ್ದುಮಾಡಲಿಲ್ಲ. ಕಾನ್ಸಲರ ಪದವಿಯನ್ನೂ ತೆಗೆದುಹಾಕಲಿಲ್ಲ. ಹೆಸರುಗಳೆಲ್ಲ ಉಳಿದುವು, ಸತ್ತ್ವವು ಮಾತ್ರ ಬೇರೆಡೆಗೆ ಸರಿಯಿತು. ಇದರಿಂದ ವಿಮರ್ಶಕನು ಕಲಿಯಬೇಕಾದ ಪಾಠವೇನೆಂದರೆ, ಒಂದು ಸಭೆಯ ಹೆಸರು ದೊರೆತ ಮಾತ್ರಕ್ಕೆ ಅದರ ಪ್ರಭುತ್ವವು ಸಿದ್ಧವಾಗುವುದಿಲ್ಲ.

ಈ ಒರೆಗಲ್ಲಿಗೆ ಬಸರೂರನ್ನು ಹಚ್ಚಿನೋಡೋಣ. ಆಳುಪರ ಕಾಲದಲ್ಲಿ ಬಾರಕೂರು ರಾಜಧಾನಿಯಾಗಿತ್ತು. ಹದಿಮೂರನೆಯ ಶತಮಾನದ ಕೊನೆಯ ಭಾಗದಲ್ಲಿ ಬಲ್ಲಮಹಾದೇವಿಯೆಂಬ ರಾಣಿಯು ಅಲ್ಲಿಂದ ಆಳಿದಳು. ಹದಿನಾಲ್ಕನೆಯ ಶತಮಾನದ ನಡುವಿನಲ್ಲಿ ಸೀಮೆಯು ವಿಜಯನಗರಕ್ಕೆ ಸೇರಿ, ‘ಬಾರಕೂರು ರಾಜ್ಯ’ವೆಂಬ ಹೆಸರಿನಿಂದ ರಾಜಪ್ರತಿನಿಧಿಗಳ ವಶವಾಯಿತು. ಅಂದಿನಿಂದ ಶಾಸನಗಳ ಕ್ರಮವನ್ನು ಗಮನಿಸಬೇಕು: ಮೊದಲು ವಿಜಯನಗರದ ಅರಸನ ಹೆಸರು, ಅನಂತರ ಬಾರಕೂರು ರಾಜ್ಯವನ್ನಾಳುವ ಒಡೆಯನ ಹೆಸರು, ಅದಾದ ಮೇಲೆ ಹಲರು. ಈ ಕ್ರಮವು ಬರಿಯ ಮರ್ಯಾದೆಯ ಮಾತಲ್ಲ. ಅಧಿಕಾರವು ಯಾರಿಂದ ಯಾರಿಗೆ ಇಳಿದುಬರುತ್ತಿತ್ತೆಂಬುದಕ್ಕೆ ಅದೇ ಸಾಕ್ಷಿ. ಹಲರು ನಗರವನ್ನು ನಡೆಸಿದರು, ರಾಜ್ಯವನ್ನು ಆಳಲಿಲ್ಲ.

ಹಾಗಾದರೆ ಪೋರ್ತುಗೀಜರು ಕಂಡುದು ಸುಳ್ಳೇ? ಸುಳ್ಳಲ್ಲ, ಒಂದು ವಿಶೇಷ ಗಳಿಗೆಯ ಸತ್ಯ. ೧೫೬೫ರ ಯುದ್ಧದಲ್ಲಿ ವಿಜಯನಗರವು ಸೋತಿತು. ೧೫೬೯ರಲ್ಲಿ ಪೋರ್ತುಗೀಜರು ಕೆಳ ಬಸರೂರಿನ ಕೋಟೆಯನ್ನು ಹಿಡಿದರು. ಕೇಂದ್ರದ ಕೈ ಸಡಿಲವಾಗಿ, ಸುತ್ತಲಿನ ಸಾಮಂತರು ತಮ್ಮತಮ್ಮಲ್ಲಿ ಹೋರಾಡುತ್ತಿದ್ದ ಆ ಸಮಯದಲ್ಲಿ ಅಕ್ಕಿಯ ವ್ಯಾಪಾರದಿಂದ ಬಲಿತ ವರ್ತಕರು ಸ್ವತಂತ್ರರಂತೆ ಕಂಡುದರಲ್ಲಿ ಆಶ್ಚರ್ಯವಿಲ್ಲ. ಒಡೆಯನ ದೌರ್ಬಲ್ಯದಿಂದ ಒದಗಿದ ಬಿಡುವನ್ನು ಸ್ವಾತಂತ್ರ್ಯದ ಸಂವಿಧಾನವೆಂದು ಭಾವಿಸುವುದು ಯುಕ್ತವಲ್ಲ. ಅದು ಹೆಚ್ಚು ಕಾಲ ಬಾಳಲೂ ಇಲ್ಲ. ವಿಜಯನಗರದಿಂದಲೇ ಬಾರಕೂರು, ಮಂಗಳೂರು ರಾಜ್ಯಗಳ ಅಧಿಕಾರವನ್ನು ಪಡೆದಿದ್ದ ಕೆಳದಿಯ ನಾಯಕರು ತಾವೇ ಸ್ವತಂತ್ರರಾಗಿ ಬೆಳೆದರು. ೧೬೫೨-೫೪ರ ಅವಧಿಯಲ್ಲಿ ಶಿವಪ್ಪನಾಯಕನು ಕರಾವಳಿಯ ಪೋರ್ತುಗೀಜ ಕೋಟೆಗಳನ್ನು ವಶಪಡಿಸಿಕೊಂಡನು. ಇಲ್ಲಿಯೇ ರೋಮಿನ ಹೋಲಿಕೆಯು ನಿಜವಾಗಿ ಒಪ್ಪುತ್ತದೆ: ಸೀಸರನು ಗಾಲ್ ದೇಶದ ಅಧಿಕಾರದಿಂದ ಪಡೆದ ಬಲವು ರೋಮನ್ನೇ ನುಂಗಿದಂತೆ, ಇಲ್ಲಿಯೂ ಪ್ರಾಂತದ ಅಧಿಕಾರವೇ ಪ್ರಭುತ್ವವಾಗಿ ಪರಿಣಮಿಸಿತು. ಹೋಲಿಕೆಯು ಸಲ್ಲುವುದು ವರ್ತಕರಿಗಲ್ಲ, ನಾಯಕರಿಗೆ.

ಇನ್ನು ಸಮಾಜದ ವಿಷಯ. ರೋಮಿನಲ್ಲಿಯೂ ಶ್ರೀಮಂತರೇ ಆಳಿದರು, ದಾಸರೂ ಇದ್ದರು. ಅದನ್ನು ಗಣರಾಜ್ಯವೆನ್ನುವುದಾದರೆ ಬಸರೂರನ್ನೇಕೆ ಅನ್ನಬಾರದೆಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ರೋಮಿನ ಸಾಮಾನ್ಯ ಪ್ರಜೆಗಳು ನಗರವನ್ನು ತೊರೆದುಹೋಗಿ ಹಟ ಹಿಡಿದು, ಕ್ರಿ. ಪೂ. ೪೯೪ರಲ್ಲಿ ತಮ್ಮ ಪರವಾಗಿ ಟ್ರಿಬ್ಯೂನರನ್ನು ಪಡೆದರೆಂದು ಸಂಪ್ರದಾಯ, ಕ್ರಿ. ಪೂ. ೨೮೭ರಲ್ಲಿ ಅವರ ಸಭೆಯ ನಿರ್ಣಯವೇ ಸಮಸ್ತರಿಗೂ ಕಟ್ಟಳೆಯಾಯಿತು. ಬಸರೂರಿನ ವರ್ತಕರು ಹಡಗಿಗೆ ಏರಿಸಿದ ಅಕ್ಕಿಯನ್ನು ಬೆಳೆದ ಒಕ್ಕಲಿಗಾಗಲಿ, ಭೂಮಿಯೊಂದಿಗೇ ಬಂಧಿತರಾದ ಆಳುಗಳಿಗಾಗಲಿ ಹಲರ ಸಭೆಯಲ್ಲಿ ಅಂತಹ ಸ್ಥಾನವು ದೊರೆತಂತೆ ಶಾಸನಗಳು ಹೇಳುವುದಿಲ್ಲ. ೧೮೦೧ರಲ್ಲಿ ಈ ಜಿಲ್ಲೆಯನ್ನು ಸಂಚರಿಸಿದ ಬುಕಾನನನು ಜೀತದಾಳುಗಳ ಸ್ಥಿತಿಯನ್ನು ಬರೆದಿಟ್ಟಿದ್ದಾನೆ. ಅರಸೊತ್ತಿಗೆಗಳು ಒಂದಾದ ಮೇಲೊಂದು ಬದಲಾದರೂ ಇವರ ಬಾಳು ಬದಲಾಗಿರಲಿಲ್ಲ. ದಾಸ್ಯಕ್ಕೆ ಕಾನೂನಿನ ಬೆಂಬಲವು ತಪ್ಪಿದುದು ೧೮೪೩ರಲ್ಲಿ. ಗಣರಾಜ್ಯವೆಂಬ ಘನವಾದ ಹೆಸರು ಈ ಜನರನ್ನು ನಮ್ಮ ದೃಷ್ಟಿಯಿಂದ ಮರೆಮಾಡುತ್ತದೆ. ಅದೇ ಅದರ ದೊಡ್ಡ ದೋಷ.

‘ಹಲರು’ ಎಂದರೆ ಅನೇಕರು ಎಂದರ್ಥ. ಆದರೆ ಊರಿನ ಜನಸಂಖ್ಯೆಯೊಡನೆ ಹೋಲಿಸಿದರೆ ಈ ಹಲರು ಕೆಲವರೇ. ಈ ಪದದಲ್ಲಿಯೇ ಅಡಗಿರುವ ವಿರೋಧವನ್ನು ಬಿಡಿಸಿ ನೋಡುವುದು ನಮ್ಮ ಸಂಶೋಧಕರ ಕೆಲಸ. ಯಾವ ಶಾಸನದಲ್ಲಿ ಹಲರು ತಾವೇ ಅಪ್ಪಣೆಯಿತ್ತರು, ಯಾವುದರಲ್ಲಿ ಒಡೆಯನ ಅಪ್ಪಣೆಗೆ ಸಾಕ್ಷಿಗಳಾದರು ಎಂಬುದನ್ನು ಶತಮಾನವಾರಾಗಿ ವಿಂಗಡಿಸಿದರೆ, ಅವರ ಅಧಿಕಾರವು ಏರಿದುದೂ ಇಳಿದುದೂ ಸ್ಪಷ್ಟವಾಗುವುದು. ಇಂದು ಕುಂದಾಪುರ, ಬೈಂದೂರು, ಬ್ರಹ್ಮಾವರ ಎಂಬ ಮೂರು ತಾಲೂಕುಗಳಾಗಿ ಹಂಚಿಹೋಗಿರುವ ಈ ಸೀಮೆಯ ಶಾಸನಗಳನ್ನು ತಾಲೂಕಿನ ಎಲ್ಲೆಯನ್ನು ಮರೆತು, ಒಂದೇ ಸಮುದಾಯವಾಗಿ ಓದಬೇಕು. ಬಸರೂರಿನ ಕೀರ್ತಿಗೆ ರೋಮಿನ ಹೆಸರಿನ ಆಸರೆಯು ಬೇಕಾಗಿಲ್ಲ. ಅರಸರ ನೆರಳಿನಲ್ಲಿದ್ದುಕೊಂಡೇ ಒಂದು ವರ್ತಕಸಂಘವು ತಲೆಮಾರುಗಳವರೆಗೆ ನಗರವನ್ನು ನಡೆಸಿತೆಂಬುದು ತನ್ನಷ್ಟಕ್ಕೆ ತಾನೇ ಗಣ್ಯವಾದ ಸಂಗತಿ. ಅದನ್ನು ಅದರ ಸ್ವಂತ ಹೆಸರಿನಿಂದಲೇ ಕರೆಯುವುದು ಲೇಸು.