ಮೊದಲ ವಾರ ತಪ್ಪಿಸಿಕೊಳ್ಳುವ ಕಾನೂನು ಸಲಹೆ

ಕೃಷ್ಣೆಯ ದಂಡೆಯ ಗಲಗಲಿಯ ಸುತ್ತ ದುಡಿಮೆಗೆ ಬರವಿಲ್ಲ, ಅಪಾಯಕ್ಕೂ ಬರವಿಲ್ಲ. ಬೀಳಗಿ, ಜಮಖಂಡಿ, ಮುಧೋಳ ತಾಲ್ಲೂಕುಗಳಲ್ಲಿ ಸಕ್ಕರೆ ಕಾರ್ಖಾನೆ, ಬೆಲ್ಲದ ಗಾಣ. ರಬಕವಿ-ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗ. 2018ರ ಡಿಸೆಂಬರ್‌ನಲ್ಲಿ ಮುಧೋಳದ ಬಳಿ ಸಕ್ಕರೆ ಕಾರ್ಖಾನೆಯೊಂದರಲ್ಲಿ ಸ್ಫೋಟವಾಗಿ ಕಾರ್ಮಿಕರು ಸತ್ತಾಗ ರಾಜ್ಯವೇ ತಿರುಗಿ ನೋಡಿತು. ಗಾಣಕ್ಕೆ ಕಬ್ಬು ಕೊಡುವಾಗ ಹೆಬ್ಬೆರಳು ಕಳೆದುಕೊಂಡವನ ಕಡೆ ಯಾರೂ ನೋಡುವುದಿಲ್ಲ. ಅವನಿಗೆ ಸಿಗುವ ಕಾನೂನು ಮಾರ್ಗದರ್ಶನದ ಯೋಗ್ಯತೆಯನ್ನು ಇಲ್ಲಿ ಅಳೆಯಬೇಕಿದೆ.

ಕಾನೂನು ದುರ್ಬಲವಾಗಿಲ್ಲ. ನಿಜ, ಹಂಗಾಮಿನಲ್ಲಷ್ಟೇ ನಡೆಯುವ ಸಕ್ಕರೆ, ಬೆಲ್ಲದ ಘಟಕಗಳು ಕಾರ್ಮಿಕರ ರಾಜ್ಯ ವಿಮೆ, ಅಂದರೆ ಇಎಸ್‌ಐ ವ್ಯಾಪ್ತಿಯ ಹೊರಗಿವೆ. ಹತ್ತು ಜನರಿಲ್ಲದ ಮಗ್ಗದ ಶೆಡ್ಡಿಗೂ ಅದು ಸಾಮಾನ್ಯವಾಗಿ ಅನ್ವಯಿಸದು. ಇಲ್ಲಿನ ಕಾರ್ಮಿಕರಿಗೆಲ್ಲ ಆಸರೆಯಾಗಿದ್ದುದು 1923ರ ಪರಿಹಾರ ಕಾಯ್ದೆ. ಅದರ ಸಾರವೀಗ 2025ರ ನವೆಂಬರ್ 21ರಂದು ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆಯೊಳಗಿದೆ. ಮಾಲೀಕನ ತಪ್ಪನ್ನು ಸಾಬೀತುಪಡಿಸಬೇಕಿಲ್ಲ. ಕೆಲಸದಿಂದ, ಕೆಲಸದ ವೇಳೆಯಲ್ಲಿ ಗಾಯವಾಯಿತೆಂದು ತೋರಿಸಿದರೆ ಸಾಕು. ಗುತ್ತಿಗೆದಾರನ ಆಳಾಗಿದ್ದರೂ ಮೂಲ ಮಾಲೀಕನನ್ನೇ ಕೇಳಬಹುದು.

ಲೆಕ್ಕ ನೋಡಿ. ಮೂವತ್ತು ವರ್ಷದವನ ಹೆಬ್ಬೆರಳು ಹೋದರೆ ಅನುಸೂಚಿಯ ಪ್ರಕಾರ ದುಡಿಮೆಯ ಶಕ್ತಿ ಶೇ 30ರಷ್ಟು ನಷ್ಟ. 2020ರಲ್ಲಿ ಗೊತ್ತುಪಡಿಸಿದ ವೇತನ ಮಿತಿ ತಿಂಗಳಿಗೆ 15,000 ರೂಪಾಯಿ. ಅದರ ಶೇ 60 ಎಂದರೆ 9,000. ಆ ವಯಸ್ಸಿನ ಗುಣಕ 207.98. ಇವೆರಡನ್ನು ಗುಣಿಸಿ, ಬಂದುದರ ಶೇ 30 ಲೆಕ್ಕ ಹಾಕಿದರೆ 5,61,546 ರೂಪಾಯಿ. ಒಂದು ತಿಂಗಳೊಳಗೆ ಕೊಡದಿದ್ದರೆ ಬಡ್ಡಿಯೂ ಸೇರುತ್ತದೆ; 1923ರ ಕಾಯ್ದೆಯಲ್ಲಿ ಅದು ಶೇ 12 ಇತ್ತು. ಎಡಗೈ ಕಳೆದುಕೊಂಡ ಬಡಿಗನೊಬ್ಬನಿಗೆ ಪೂರ್ಣ ಅಂಗವೈಕಲ್ಯದ ಪರಿಹಾರವೇ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣದಲ್ಲಿ ಹೇಳಿ ಅರ್ಧ ಶತಮಾನವಾಯಿತು: ಒಂದೇ ಕೈಯಲ್ಲಿ ಬಡಿಗತನ ಸಾಗದು.

ಇಷ್ಟಿದ್ದೂ ಗಾಯಾಳು ಹತ್ತಿಪ್ಪತ್ತು ಸಾವಿರಕ್ಕೆ ರಾಜಿಯಾಗುತ್ತಾನೆ. ಸಲಹೆ ಸೋಲುವುದು ಇಲ್ಲಿಯೇ. ತಾಲ್ಲೂಕು ಕಾನೂನು ಸೇವಾ ಸಮಿತಿಗಳ ಅರಿವು ಶಿಬಿರಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಕೈಗಾರಿಕಾ ಕಾರ್ಮಿಕರಿಗೆ ಉಚಿತ ವಕೀಲರನ್ನು ಕೊಟ್ಟಿರುವುದು ದೊಡ್ಡ ಮಾತು. ಆದರೆ ಭಾಷಣಗಳು ಕಾಯ್ದೆಯ ಹೆಸರು, ವರ್ಷ, ಕಲಂ ಹೇಳಿ ಮುಗಿಯುತ್ತವೆ. ಪ್ರಕರಣ ಗೆಲ್ಲುವುದೋ ಸೋಲುವುದೋ ತೀರ್ಮಾನವಾಗುವುದು ಮೊದಲ ವಾರದಲ್ಲಿ, ಆಸ್ಪತ್ರೆಯ ಹಾಸಿಗೆಯಲ್ಲಿ. ‘ಮನೆಯಲ್ಲಿ ಬಿದ್ದೆ ಅಂತ ಬರೆಸು, ಖರ್ಚು ನಾವು ನೋಡ್ಕೋತೀವಿ’ ಎಂಬ ಮಾತಿಗೆ ಒಪ್ಪಿ ಕೇಸ್‌ಶೀಟಿನಲ್ಲಿ ಬರೆಸಿದ ಒಂದು ಸಾಲು ಮುಂದೆ ಎಷ್ಟು ವಾದಿಸಿದರೂ ಬೆನ್ನು ಬಿಡದು. ಆ ಹೊತ್ತಿಗೆ ಬೇಕಾದ ಮಾತನ್ನು ಹೇಳುವವರೇ ಇಲ್ಲ.

ಕೂಲಿಯ ಪುರಾವೆಯ ಕತೆಯೂ ಇದೇ. ಚೀಟಿಯಿಲ್ಲ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ. ಮುಕಾದಮನ ವಹಿ, ಫೋನ್‌ಪೇಯಲ್ಲಿ ಬಂದ ವಾರದ ಹಣ, ಜೊತೆಗೆ ದುಡಿದವರ ಹೇಳಿಕೆ, ಇವೂ ಸಾಕ್ಷ್ಯವೇ ಎಂದು ತಿಳಿಸದ ಸಲಹೆ ಅಪೂರ್ಣ. ಹಕ್ಕನ್ನು ಬಿಟ್ಟುಕೊಡುವ ಕರಾರನ್ನು ಕಾನೂನು ಮಾನ್ಯ ಮಾಡುವುದಿಲ್ಲ, ಸಾವಿನ ಪರಿಹಾರವನ್ನು ಮಾಲೀಕ ಸಕ್ಷಮ ಪ್ರಾಧಿಕಾರದ ಬಳಿ ಠೇವಣಿ ಇಡಬೇಕು ಎಂಬುದೂ ಸ್ಟಾಂಪ್ ಪೇಪರಿಗೆ ಹೆಬ್ಬೆಟ್ಟು ಒತ್ತುವ ಮುಂಚೆ ತಿಳಿಯಬೇಕು.

ಪರಿಹಾರದ ಹಕ್ಕನ್ನು ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಲಿಖಿತವಾಗಿ, ಕಾರ್ಮಿಕನಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕೆಂದು ಪರಿಹಾರ ಕಾಯ್ದೆಯ 2017ರ ತಿದ್ದುಪಡಿಯೇ ಹೇಳಿತ್ತು. ಗಾಣದಲ್ಲಿ, ಮಗ್ಗದ ಶೆಡ್ಡಿನಲ್ಲಿ ಅಂಥ ಕಾಗದ ಕಂಡವರು ಎಷ್ಟು ಮಂದಿ?

ನನ್ನ ತೀರ್ಮಾನ ಇಷ್ಟು: ಕಾಯ್ದೆ ಗಟ್ಟಿ, ಅದನ್ನು ತಲುಪಿಸುವ ಕೆಲಸ ಸೊರಗಿದೆ. ಶಿಬಿರಗಳು ಸಭಾಭವನ ಬಿಟ್ಟು ನುರಿಸುವ ಹಂಗಾಮು ಶುರುವಾಗುವ ಮುನ್ನ ಕಾರ್ಖಾನೆಯ ಗೇಟಿಗೆ, ಗಾಣಕ್ಕೆ, ಸರ್ಕಾರಿ ಆಸ್ಪತ್ರೆಯ ತುರ್ತು ಕೊಠಡಿಗೆ ಬರಲಿ. ಅಲ್ಲಿಯವರೆಗೆ ಓದುಗರು ಒಂದು ಉಪಕಾರ ಮಾಡಬೇಕು. ನಿಮ್ಮ ಓಣಿಯಲ್ಲಿ ಕೆಲಸದ ವೇಳೆ ಗಾಯಗೊಂಡವರಿದ್ದರೆ ಉಚಿತ ಕಾನೂನು ನೆರವಿನ 15100 ಸಂಖ್ಯೆಗೆ ಇಂದೇ ಫೋನ್ ಮಾಡಿಸಿ. ಅರ್ಜಿ ಹಾಕಲು ಅವರಿಗಿರುವ ಅವಧಿ ಅಪಘಾತವಾದ ದಿನದಿಂದ ಎರಡು ವರ್ಷ.