ಅಮ್ಮಾ, ನೀವು ತಯಾರಾ?

ಮೇ ತಿಂಗಳ ಕೊನೆಯ ವಾರ. ಶಿವಮೊಗ್ಗದಲ್ಲಿ ಮಳೆ ಎರಡು ಹನಿ ಹಾಕಿ ಹೋಗಿತ್ತು. ಮಾವಿನಹಣ್ಣಿನ ಗಾಡಿಗಳ ಪಕ್ಕದಲ್ಲೇ ಕೊಡೆ, ರೇನ್‌ಕೋಟುಗಳ ಗಾಡಿಗಳೂ ಬಂದು ನಿಂತಿದ್ದವು. ಆಫೀಸು ಮುಗಿಸಿ ಮನೆಗೆ ಹೊರಟವಳು ಒಂದು ದೊಡ್ಡ ಅಂಗಡಿಯ ಮುಂದೆ ನಿಂತುಬಿಟ್ಟೆ. ಎರಡು ಅಂತಸ್ತು ಮುಚ್ಚುವಷ್ಟು ದೊಡ್ಡ ಬ್ಯಾನರು. ಅದರಲ್ಲಿ ನಗುವ ತಾಯಿ, ಗರಿಗರಿ ಇಸ್ತ್ರಿಯ ಯೂನಿಫಾರಮ್ಮಿನ ಇಬ್ಬರು ಮಕ್ಕಳು. ಮೇಲೆ ‘ಬ್ಯಾಕ್ ಟು ಸ್ಕೂಲ್ ಹಬ್ಬ’ ಎಂದಿತ್ತು. ಕೆಳಗೆ ಒಂದು ಪ್ರಶ್ನೆ: ‘ಅಮ್ಮಾ, ನೀವು ತಯಾರಾ?’

ಶಾಲೆಗೆ ಹೋಗುವುದು ಮಗು, ತಯಾರಾಗಬೇಕಾದವಳು ಅಮ್ಮ! ಅಪ್ಪನನ್ನು ಯಾರೂ ಏನೂ ಕೇಳಿರಲಿಲ್ಲ. ಆತ ಬಹುಶಃ ಬ್ಯಾನರಿನಾಚೆ ಎಲ್ಲೋ ಸ್ಕೂಟರ್ ನಿಲ್ಲಿಸಲು ಜಾಗ ಹುಡುಕುತ್ತಿದ್ದಿರಬೇಕು.

ಕಥೆ, ಕಾದಂಬರಿ, ಸಿನಿಮಾ ಎಲ್ಲದಕ್ಕೂ ವಿಮರ್ಶೆಯುಂಟು. ಆದರೆ ನಾವು ಹೆಂಗಸರು ದಿನಾ ಬಿಡದೆ ಓದುವ ಸಾಹಿತ್ಯ ಯಾವುದು ಹೇಳಿ? ಜಾಹೀರಾತು ತಾನೆ? ಅದನ್ನು ಮಾತ್ರ ವಿಮರ್ಶೆ ಮಾಡುವವರಿಲ್ಲ. ಆದ್ದರಿಂದ ಈ ಬ್ಯಾನರನ್ನೇ ಸ್ವಲ್ಪ ನಿಧಾನವಾಗಿ ಓದೋಣ ಅನ್ನಿಸಿತು.

ಮೊದಲಿಗೆ ಹೆಸರು. ‘ಬ್ಯಾಕ್ ಟು ಸ್ಕೂಲ್’ ಅಮೆರಿಕದ ಅಂಗಡಿಗಳ ಮಾತು. ಅಲ್ಲಿ ಶಾಲೆ ತೆರೆಯುವುದು ಆಗಸ್ಟ್–ಸೆಪ್ಟೆಂಬರಿನಲ್ಲಿ. ವರ್ಷದ ಕೊನೆಯ ಹಬ್ಬದ ವ್ಯಾಪಾರ ಬಿಟ್ಟರೆ ಅವರಿಗೆ ಅದೇ ದೊಡ್ಡ ಸುಗ್ಗಿ. ಆ ಮಾತು ಹಾರಿಬಂದು ನಮ್ಮ ಮುಂಗಾರಿಗೆ ಅಂಟಿಕೊಂಡಿದೆ. ಅಂಟಿಸುವಾಗ ನಮ್ಮವರು ಜಾಣತನದಿಂದ ‘ಹಬ್ಬ’ವನ್ನೂ ಸೇರಿಸಿದ್ದಾರೆ. ಹಬ್ಬದ ದಿನ ಲೆಕ್ಕ ಹಾಕಿದರೆ ಜಿಪುಣಿ ಅನ್ನಿಸಿಕೊಳ್ಳುತ್ತೇವಲ್ಲ!

ಎರಡನೆಯದು ತಾರೀಖು. ‘ಜೂನ್ 10ರವರೆಗೆ ಮಾತ್ರ.’ ಸಂಬಳ ಬರುವುದು ಒಂದನೇ ತಾರೀಖಿಗೆ. ಹತ್ತು ದಾಟಿದರೆ ಬಾಡಿಗೆ, ಹಾಲು, ಚೀಟಿ ಕಂತುಗಳು ಸೇರಿ ಪರ್ಸು ಬರಿದಾಗಿರುತ್ತದೆ. ನಮ್ಮ ಪರ್ಸಿನ ಪಂಚಾಂಗ ನಮಗಿಂತ ಚೆನ್ನಾಗಿ ಅಂಗಡಿಯವರಿಗೆ ಗೊತ್ತು.

ಮೂರನೆಯದು ‘ಶೇ. 50ರವರೆಗೆ ರಿಯಾಯಿತಿ’. 50 ಎಂಬುದು ಆಳೆತ್ತರ. ‘ವರೆಗೆ’ ಎಂಬುದು ಸಾಸಿವೆ ಗಾತ್ರ.

ಸಂಬಳ ಬಂದ ಮರುದಿನ, ಎರಡನೇ ಕ್ಲಾಸಿಗೆ ಕಾಲಿಟ್ಟ ಮಗಳನ್ನು ಕರೆದುಕೊಂಡು ಆ ಅಂಗಡಿಗೇ ಹೋದೆ. ವಿಮರ್ಶೆ ಬೇರೆ, ಸಂಸಾರ ಬೇರೆ! ಐವತ್ತರ ರಿಯಾಯಿತಿ ಇದ್ದದ್ದು ಬಣ್ಣ ಮಾಸಿದ ನೀರಿನ ಬಾಟಲಿಗಳಿಗೆ ಮಾತ್ರ. ಬ್ಯಾಗುಗಳಿಗೆ ಐದು, ಬಹಳವೆಂದರೆ ಹತ್ತು. ನಡುವೆ ‘ಕಾಂಬೊ’ ಎಂಬ ಗಂಟು. ಡಜನ್ ನೋಟ್‌ಬುಕ್ಕು, ಜಾಮಿಟ್ರಿ ಬಾಕ್ಸು, ಬಾಟಲಿ, ಟಿಫನ್ ಡಬ್ಬಿ, ಎಲ್ಲ ಸೇರಿ 999 ರೂಪಾಯಿ. ಒಂದು ರೂಪಾಯಿ ಕಮ್ಮಿ ಮಾಡುವ ಈ ಆಟಕ್ಕೆ ನಮ್ಮ ಹಿರಿಯರು ‘ಬಾಟಾ ರೇಟು’ ಎಂದು ಹೆಸರಿಟ್ಟಿದ್ದರು. ‘300 ರೂ. ಉಳಿತಾಯ’ ಎಂದು ಚೀಟಿ ಬೇರೆ. ನನಗೆ ಬೇಕಿದ್ದದ್ದು ಎಂಟು ನೋಟ್‌ಬುಕ್ಕು, ಒಂದು ಡಬ್ಬಿ. ಎರಡನೇ ಕ್ಲಾಸಿಗೆ ಕೈವಾರ ಯಾಕೆ? ಬಿಡಿಯಾಗಿ ಕೂಡಿಸಿದರೆ 640. ಅಂದರೆ ಮುನ್ನೂರು ಉಳಿಸಲು ನಾನು 359 ರೂಪಾಯಿ ಹೆಚ್ಚು ಕೊಡಬೇಕಿತ್ತು.

ಕಾಂಬೊ ಬಿಟ್ಟೆ, ಆದರೆ ಬ್ಯಾಗಿನ ಮುಂದೆ ಸೋತೆ. ಮಿನುಗುವ ಗುಲಾಬಿ ಬ್ಯಾಗುಗಳು ಮಗುವಿನ ಕಣ್ಣಿನ ಎತ್ತರಕ್ಕೇ ಇದ್ದವು. ಸಾದಾ ಬ್ಯಾಗುಗಳು ಸ್ಟೂಲು ಹಾಕಿ ತೆಗೆಯಬೇಕಾದ ಮೇಲಿನ ಸಾಲಿನಲ್ಲಿ. ಮಗಳು ಒಂದನ್ನು ಅಪ್ಪಿಕೊಂಡು ನಿಂತಳು. ಅದಕ್ಕೆ ‘ಬೆನ್ನಿಗೆ ಹಿತ’ ಎಂಬ ಚೀಟಿ ನೇತಾಡುತ್ತಿತ್ತು. ಮನೆಗೆ ತಂದು ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ ಖಾಲಿ ಬ್ಯಾಗೇ 900 ಗ್ರಾಂ! ಒಂದು, ಎರಡನೇ ಕ್ಲಾಸಿನ ಮಕ್ಕಳ ಬ್ಯಾಗು ಪುಸ್ತಕವೂ ಸೇರಿ ಎರಡು ಕಿಲೋ ಮೀರಬಾರದೆಂದು ನಮ್ಮ ಸರ್ಕಾರ 2019ರಲ್ಲೇ ಆದೇಶಿಸಿದೆ. ಪುಸ್ತಕ ಹೋಗುವ ಮೊದಲೇ ಅರ್ಧದಷ್ಟು ತೂಕವನ್ನು ಬ್ಯಾಗೇ ನುಂಗಿತ್ತು.

ಇಷ್ಟೆಲ್ಲ ಬಲ್ಲವಳು ಯಾಕೆ ಕೊಂಡೆ? ನಿಜ ಹೇಳಿಬಿಡುತ್ತೇನೆ.

ನಮ್ಮಪ್ಪ ಹಳ್ಳಿ ಶಾಲೆಯ ಮೇಷ್ಟರು. ಬೇಸಿಗೆ ರಜೆಯಲ್ಲಿ ನಮ್ಮ ಹಳೆಯ ನೋಟ್‌ಬುಕ್ಕುಗಳಲ್ಲಿ ಉಳಿದ ಖಾಲಿ ಹಾಳೆಗಳನ್ನೆಲ್ಲ ಬಿಚ್ಚಿ, ಸಮ ಮಾಡಿ, ದಬ್ಬಣದಿಂದ ಹೊಲಿದು ಹೊಸ ಪುಸ್ತಕ ಮಾಡುತ್ತಿದ್ದರು. ಮೇಲೆ ಹಳೇ ಕ್ಯಾಲೆಂಡರಿನ ರಟ್ಟು. ಪಠ್ಯಪುಸ್ತಕ ಪಕ್ಕದ ಮನೆಯ ಅಕ್ಕನಿಂದ ಅರ್ಧ ಬೆಲೆಗೆ. ಇದನ್ನು ನೆನೆದು ‘ಅದೇ ಸುಖ’ ಎಂದು ಬರೆಯುವುದು ಸುಲಭ. ಆದರೆ ಮೂರನೇ ಕ್ಲಾಸಿನಲ್ಲಿ ನನಗೆ ಹಾಗನ್ನಿಸಿರಲಿಲ್ಲ. ಒಂದು ಹಾಳೆಗೆ ಎರಡು ಗೆರೆ, ಇನ್ನೊಂದಕ್ಕೆ ನಾಲ್ಕು ಗೆರೆ ಇದ್ದ ಆ ಪುಸ್ತಕವನ್ನು ಬೆಂಚಿನ ಮೇಲೆ ಇಡಲು ನಾಚಿ, ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೆ. ಅಪ್ಪ ಅದನ್ನೊಮ್ಮೆ ನೋಡಿದರು. ಏನೂ ಅನ್ನಲಿಲ್ಲ. ಮರುವರ್ಷ ಹೊಲಿಯಲೂ ಇಲ್ಲ. ಹೊಸ ಪುಸ್ತಕಗಳಿಗೆ ದುಡ್ಡು ಎಲ್ಲಿಂದ ತಂದರೋ, ನಾನೂ ಕೇಳಲಿಲ್ಲ.

ಬ್ಯಾನರಿನ ತಾಯಿ ನನ್ನನ್ನು ನೋಡಿ ನಕ್ಕದ್ದು ಅಲ್ಲಿಂದಲೇ. ನನ್ನ ಮಗಳು ಹಾಗೆ ಕೂರಬಾರದು ಎಂಬ ಒಂದು ಎಳೆ ಸಾಕು, ಅಂಗಡಿಯವರು ಅದನ್ನು ಹಿಡಿದು ಎಳೆಯುತ್ತಾರೆ. ದಿನವಿಡೀ ಹೊರಗೆ ದುಡಿಯುವವಳಲ್ಲಿ ಆ ಎಳೆ ಇನ್ನೂ ಬಿಗಿ. ಸಂಜೆ ಏಳಕ್ಕೆ ಮನೆ ಸೇರುವವಳು ಮಗುವಿಗೆ ಕೊಡಲಾಗದ ಹೊತ್ತನ್ನು ಬ್ಯಾಗಿನ ಮಿನುಗಿನಲ್ಲಿ ತೀರಿಸಹೊರಡುತ್ತಾಳೆ. ನನ್ನ ಆ ಹಳೇ ನಾಚಿಕೆಗೆ ನಾನೇ ದುಡ್ಡು ಕೊಟ್ಟು ಬಂದೆ.

ಬಿಲ್ಲಿನ ಸಾಲು ಉದ್ದವಿತ್ತು. ಬ್ಯಾಗು ತೋರಿಸಿದ ಹೆಣ್ಣುಮಗಳು ಪಕ್ಕದಲ್ಲೇ ನೋಟ್‌ಬುಕ್ಕು ಜೋಡಿಸುತ್ತಿದ್ದಳು. ಸುಮ್ಮನೆ ಕೇಳಿದೆ, ‘ನಿಮ್ಮ ಮಕ್ಕಳಿಗೆ ಎಲ್ಲ ಆಯ್ತೇನಮ್ಮಾ?’

‘ಎಲ್ಲಿ ಮೇಡಂ? ನಮ್ಮ ಹುಡುಗಿ ಗೌರ್ಮೆಂಟ್ ಸ್ಕೂಲು. ಪುಸ್ತಕ, ಯೂನಿಫಾರಂ ಅಲ್ಲೇ ಕೊಡ್ತಾರೆ. ನೋಟ್‌ಬುಕ್ಕು, ಬ್ಯಾಗು ನಾವೇ ತಗೋಬೇಕು. ಈ ಸೀಸನ್ ಮುಗಿಯೋವರ್ಗೂ ರಜೆ ಇಲ್ಲ. ಸ್ಕೂಲು ಶುರುವಾದ ದಿನ ಅವಳನ್ನ ಬಿಟ್ಟು ಬರೋಕೂ ಆಗ್ಲಿಲ್ಲ, ಅತ್ತೆ ಹೋಗಿದ್ರು.’

‘ಇಲ್ಲೇ ತಗೋಬಹುದಲ್ಲ?’

ಅವಳು ನಕ್ಕಳು. ‘ಇಲ್ಲಿ ರೇಟು ಜಾಸ್ತಿ ಮೇಡಂ.’

ಅವಳ ತಲೆಯ ಮೇಲೂ ಅದೇ ಪ್ರಶ್ನೆ ತೂಗುತ್ತಿತ್ತು: ‘ಅಮ್ಮಾ, ನೀವು ತಯಾರಾ?’

ಹಾಗೆಂದು ತಪ್ಪೆಲ್ಲ ಅಂಗಡಿಯವರದೇ ಎನ್ನಲಾರೆ. ಶಾಲೆಯಿಂದಲೂ ಒಂದು ಪಟ್ಟಿ ಬರುತ್ತದೆ. ಇಂಥದೇ ನೋಟ್‌ಬುಕ್ಕು, ಇಂಥ ಕಡೆಯೇ ಯೂನಿಫಾರಂ. ಇಂಥ ವ್ಯಾಪಾರ ಕೂಡದೆಂದು ಸಿಬಿಎಸ್‌ಇ ತನ್ನ ಶಾಲೆಗಳಿಗೆ 2017ರ ಏಪ್ರಿಲ್‌ನಲ್ಲಿ ಸೂಚಿಸಿತ್ತು. ಪಟ್ಟಿಯಂತೂ ನಮ್ಮ ಮನೆಗೆ ಬರುವುದು ತಪ್ಪಿಲ್ಲ. 2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್ಕು, ಪೆನ್ಸಿಲ್, ರಬ್ಬರುಗಳ ಮೇಲಿನ ಜಿಎಸ್‌ಟಿ ಪೂರ್ತಿ ಹೋಗಿದೆ. ಅದಕ್ಕೂ ಮೊದಲು ನೋಟ್‌ಬುಕ್ಕಿಗೆ ಶೇ. 12 ಇತ್ತು. ಆ ಇಳಿಕೆಯನ್ನೂ ಯಾರಾದರೂ ‘ನಮ್ಮ ಅಂಗಡಿಯ ಕೊಡುಗೆ’ ಎಂದು ಬ್ಯಾನರು ಕಟ್ಟಿದರೆ ನಂಬಬೇಡಿ.

ನಾನೀಗ ಅಂಗಡಿಗೆ ಹೋಗುವ ಮುಂಚೆ ಮೂರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ. ಎಷ್ಟು ಪುಟ? ಎಷ್ಟು ತೂಕ? ಇದು ಬೇಕೆಂದು ಮೊದಲು ಹೇಳಿದ್ದು ಯಾರು? ಮೂರನೆಯದಕ್ಕೆ ಉತ್ತರ ‘ಬ್ಯಾನರು’ ಎಂದಾದರೆ ಹೊರಗೆ ಬಂದುಬಿಡುತ್ತೇನೆ. ಪ್ರತಿ ಸಲ ಗೆಲ್ಲುತ್ತೇನೆಂದು ಹೇಳಲಾರೆ. ಹೋದ ವರ್ಷದ ಖಾಲಿ ಹಾಳೆಗಳನ್ನು ಹೊಲಿದು ಮಗಳಿಗೆ ಒಂದು ರಫ್ ಪುಸ್ತಕ ಮಾಡಿಕೊಟ್ಟೆ. ಶಾಲೆಗೆ ಒಯ್ಯಬೇಡ, ಮನೆಯಲ್ಲೇ ಚಿತ್ರ ಬಿಡಿಸು ಎಂದೆ. ಅವಳು ಒಯ್ದಳೋ ಇಲ್ಲವೋ, ನಾನು ಬ್ಯಾಗು ತೆರೆದು ನೋಡಲಿಲ್ಲ.

ಮೊನ್ನೆ ಅದೇ ದಾರಿಯಲ್ಲಿ ಬಂದೆ. ನಗುವ ತಾಯಿಯನ್ನು ಇಳಿಸಿ ಬೇರೆ ಬ್ಯಾನರು ಕಟ್ಟುತ್ತಿದ್ದರು. ಆಷಾಢದ ಮಾರಾಟ, ಸೀರೆಗಳ ಮೇಲೆ ಶೇ. 50. ಪಕ್ಕದಲ್ಲಿ ಕಣ್ಣು ಕಿರಿದು ಮಾಡಿ ಹುಡುಕಿದೆ. ‘ವರೆಗೆ’ ಅಲ್ಲಿಯೂ ಇತ್ತು.