ಕೆರೆಗೆ ಹಾರ: ಜಲಪೂಜೆಯೂ ಜಲಬಲಿಯೂ

ಇಂಡಿ, ಸಿಂದಗಿಗಳ ಉತ್ತರಕ್ಕೆ ಭೀಮೆಯೂ ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ದಕ್ಷಿಣಕ್ಕೆ ಕೃಷ್ಣೆಯೂ ಹರಿಯುತ್ತಿದ್ದರೂ ನಡುವಣ ಎರೆಯ ನೆಲವು ಮಳೆಯ ದಾರಿಯನ್ನು ನೋಡುವ ಸೀಮೆಯಾಗಿರುವುದು. 1876-78ರ ಕ್ಷಾಮವು ಈ ಸೀಮೆಯನ್ನು ಬಹಳವಾಗಿ ಪೀಡಿಸಿತು. ಇಂಥಲ್ಲಿ ನೀರು ಗಂಗವ್ವನೆನಿಸಿದುದು ಆಶ್ಚರ್ಯವಲ್ಲ. ಮುತ್ತೈದೆಗೆ ಸಲ್ಲುವಂತೆಯೇ ಹೊಳೆಗೂ ಬಾವಿಗೂ ಅರಿಸಿನ, ಕುಂಕುಮ, ಬಳೆ, ಕುಬಸದ ಖಣಗಳನ್ನಿತ್ತು ಉಡಿ ತುಂಬುವರು. ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ಬಾಯಲ್ಲಿ ಉಳಿದುಬಂದ 'ಕೆರೆಗೆ ಹಾರ'ವೆಂಬ ಕಥನಗೀತವನ್ನು ಈ ಆಚಾರದ ಪಕ್ಕದಲ್ಲಿಟ್ಟು ಓದಬೇಕು. ಆಚಾರದಲ್ಲಿ ಹೆಣ್ಣಿನ ಒಡವೆಗಳು ನೀರಿಗೆ ಸಲ್ಲುತ್ತವೆ. ಗೀತದಲ್ಲಿ ಹೆಣ್ಣೇ ಸಲ್ಲುತ್ತಾಳೆ.

ಕಲ್ಲನಕೇರಿಯ ಮಲ್ಲನಗೌಡನು ಕಟ್ಟಿಸಿದ ಕೆರೆಗೆ ನೀರು ಬಾರದಿರಲು, ಹೊತ್ತಗೆ ತೆಗೆಸಿ ಕೇಳಿ, ಕಿರಿಯ ಸೊಸೆ ಭಾಗೀರತಿಯನ್ನು ಬಲಿಗೊಡುವುದೆಂದು ಮನೆಯವರು ನಿಶ್ಚಯಿಸುವರು. ಈಕೆಯನ್ನು ತ್ಯಾಗಮೂರ್ತಿಯೆಂದು ಕೊಂಡಾಡುವ ವಾಡಿಕೆಯುಂಟು. ಗೀತವು ಹೇಳುವುದು ಅಷ್ಟೇ ಏನು? ತವರಿನವರೆದುರು ನಿಜವನ್ನಾಡಲಾರದೆ ಅವಳು ಗೆಳತಿಯೊಬ್ಬಳಿಗೆ ಮಾತ್ರ ತಿಳಿಸುವಳು. ಗಂಗಮ್ಮನ ಪೂಜೆ ಮುಗಿಸಿ ಮರಳುವಾಗ ಬಂಗಾರದ ಬಟ್ಟಲು ಕೆರೆಯಲ್ಲಿಯೇ ಉಳಿಯುವುದು. ತರಲು ಉಳಿದವರಾರೂ ಒಪ್ಪರು. ಭಾಗೀರತಿ ಒಬ್ಬಳೇ ಹೋಗುವಳು. ಅವಳು ಮೆಟ್ಟಿಲೇರಿದಂತೆಲ್ಲ ನೀರೂ ಏರುವುದು. ಪ್ರಚಲಿತ ಪಾಠದಲ್ಲಿ ದೇವಿಯು ಬಾಯ್ದೆರೆದು ಏನನ್ನೂ ಬೇಡಿದುದಿಲ್ಲ. ಬೇಡಿದುದು ಹೊತ್ತಗೆ, ಒಪ್ಪಿದುದು ಮನೆ.

ಪ್ರಾಚೀನ ರೋಮಿನ ಜಲಪೂಜೆಯಲ್ಲಿಯೂ ಇಂಥ ಎರಡು ಮುಖಗಳನ್ನು ಕಾಣಬಹುದು. ಅಕ್ಟೋಬರ 13ರ ಫಾಂಟಿನಾಲಿಯಾ ಹಬ್ಬದಲ್ಲಿ ಬಾವಿಗಳಿಗೆ ಹಾರ ತೊಡಿಸಿ, ಒರತೆಗಳಲ್ಲಿ ಹಾರಗಳನ್ನೆಸೆಯುತ್ತಿದ್ದರೆಂದು ವಾರೋ ಬರೆದಿದ್ದಾನೆ. (ನಮ್ಮ ಗೀತದ ಹಾರವು ಹೂವಿನದಲ್ಲ; ಬಲಿಯೆಂದೇ ಅದರ ಅರ್ಥ.) ಮೇ ತಿಂಗಳಲ್ಲಿಯಾದರೋ ವೆಸ್ತಾದೇವಿಯ ಕನ್ಯೆಯರು ಮರದ ಸೇತುವೆಯಿಂದ ಟೈಬರ ನದಿಗೆ ಜೊಂಡಿನ ಗೊಂಬೆಗಳನ್ನು ಎಸೆಯುತ್ತಿದ್ದರು. ಪೂರ್ವದ ನರಬಲಿಗೆ ಇವು ಬದಲಿಯೆಂದು ಪ್ರಾಚೀನರಲ್ಲಿಯೇ ಕೆಲವರು ವ್ಯಾಖ್ಯಾನಿಸಿದರು. ಆ ವ್ಯಾಖ್ಯಾನವು ವಿವಾದಾಸ್ಪದವೇ ಸರಿ. ನಮ್ಮ ಉಡಿ ತುಂಬುವ ಆಚಾರವೂ ಅಂಥ ಬದಲಿಯೆಂದು ಸಾಧಿಸಲು ಈ ಗೀತವೊಂದೇ ಆಧಾರವಾಗಿ ಸಾಲದು. ಹಾಡನ್ನು ಹಿಂಡಿ ಇತಿಹಾಸವನ್ನು ತೆಗೆಯುವ ಅವಸರವು ವಿದ್ವಾಂಸರಿಗೆ ಒಪ್ಪುವಂಥದಲ್ಲ.

ಗೀತದ ತೀರ್ಪು ಅದರ ಕೊನೆಯಲ್ಲಿದೆ. ದಂಡಿನಲ್ಲಿದ್ದ ಗಂಡ ಮಾದೇವರಾಯನು ಕೆಟ್ಟ ಕನಸು ಕಂಡು ಊರಿಗೆ ಬಂದು, ನಡೆದುದನ್ನರಿತು, ಅದೇ ಕೆರೆಗೆ ಹಾರುವನು. ಅಷ್ಟರಲ್ಲಿ ಕೆರೆ ತುಂಬಿಯಾಗಿದೆ. ಹೊತ್ತಗೆಯು ಎರಡನೆಯ ಪ್ರಾಣವನ್ನು ಕೇಳಿರಲಿಲ್ಲ. ಬಲಿಯ ಲೆಕ್ಕಕ್ಕೆ ಸೇರದ ಈ ಸಾವನ್ನು ಬಿಟ್ಟು, ತುಂಬಿದ ಕೆರೆಯಲ್ಲಿಯೇ ಹಾಡನ್ನು ಮುಗಿಸಬಹುದಾಗಿತ್ತು. ಹಾಡಿದವರು ಹಾಗೆ ಮಾಡದೆ ಮಲ್ಲನಗೌಡನಿಗೆ ಕೆರೆಯ ಜೊತೆಗೆ ಮಗನ ಸಾವನ್ನೂ ಕೊಟ್ಟಿದ್ದಾರೆ. ಇದನ್ನು ತ್ಯಾಗದ ಪಾಠವಾಗಿ ಬೋಧಿಸುವವರು ಈ ಭಾಗವನ್ನು ವಿದ್ಯಾರ್ಥಿಗಳಿಂದ ಇನ್ನೊಮ್ಮೆ ಓದಿಸುವುದು ಒಳ್ಳೆಯದು.